ಮೂಕಚಿತ್ರಗಳಲ್ಲಿ ದಾಂಪತ್ಯಹಾಸ್ಯ

ಭರತಮುನಿಯು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಹಾಸ್ಯರಸವನ್ನು ನಿರೂಪಿಸುತ್ತ ನಗೆಯನ್ನು ಆರು ಬಗೆಯಾಗಿ ವಿಂಗಡಿಸಿರುವನು. ಸ್ಮಿತ ಹಸಿತಗಳು ಉತ್ತಮಪ್ರಕೃತಿಯವರಿಗೂ, ವಿಹಸಿತ ಉಪಹಸಿತಗಳು ಮಧ್ಯಮರಿಗೂ, ಅಪಹಸಿತ ಅತಿಹಸಿತಗಳು ಅಧಮರಿಗೂ ಸಲ್ಲುವುವೆಂದು ಆತನ ಮತ. ನಗುವವರ ಅಂತಸ್ತನ್ನು ಹಿಡಿದು ಮಾಡಿದ ಈ ವಿಭಾಗವನ್ನು ಈಗ ಯಾರೂ ಇದ್ದಂತೆಯೇ ಒಪ್ಪಲಾರರು. ಆದರೆ ನಗೆಯಲ್ಲಿ ತರತಮಗಳುಂಟು, ಕಣ್ಣಂಚಿನಲ್ಲಿ ಮೂಡಿ ಮರೆಯಾಗುವ ನಗೆಗೂ ಪಕ್ಕೆ ಹಿಡಿದುಕೊಂಡು ನಗುವ ನಗೆಗೂ ಹುಟ್ಟುವ ನೆಲೆಯೇ ಬೇರೆ ಎಂಬ ಮಾತು ಇಂದಿಗೂ ನಿಲ್ಲತಕ್ಕದ್ದು. ಚಲಚ್ಚಿತ್ರವು ಮಾತು ಕಲಿಯುವುದಕ್ಕೆ ಮೊದಲು, ಸುಮಾರು 1908 ರಿಂದ 1928 ರ ವರೆಗೆ, ಅಮೆರಿಕಾ ದೇಶದಲ್ಲಿ ನೂರಾರು ಸಂಖ್ಯೆಯಲ್ಲಿ ತಯಾರಾದ ಗಂಡಹೆಂಡಿರ ಹಾಸ್ಯಚಿತ್ರಗಳನ್ನು ಅಳೆಯುವುದಕ್ಕೆ ಈ ಹಳೆಯ ಮಾನದಂಡವೇ ಅನುಕೂಲವಾಗಿದೆ. ಇಪ್ಪತ್ತು ವರ್ಷಗಳ ಅವಧಿಯಲ್ಲಿ ಈ ಚಿತ್ರಗಳ ನಗೆ ಅತಿಹಸಿತದಿಂದ ಸ್ಮಿತದ ಕಡೆಗೆ ಹೆಜ್ಜೆಯಿಟ್ಟಿತು. ಆ ನಡೆಯೇ ಇಲ್ಲಿ ವಿಚಾರಣೀಯವಾದುದು.

ನಮ್ಮ ಪ್ರಾಚೀನ ಪ್ರಹಸನಗಳು ಸಂಸಾರಿಗಳ ಮನೆಯೊಳಗೆ ಹೋದದ್ದು ಕಡಮೆ. ಮತ್ತವಿಲಾಸದಲ್ಲಿ ಕಾಪಾಲಿಕನೂ ಭಿಕ್ಷುವೂ ಕಪಾಲಕ್ಕಾಗಿ ಹೋರಾಡುತ್ತಾರೆ. ಭಗವದಜ್ಜುಕದಲ್ಲಿ ಸಂನ್ಯಾಸಿಯ ಜೀವ ಗಣಿಕೆಯ ದೇಹವನ್ನು ಸೇರುತ್ತದೆ. ಗಂಡಹೆಂಡಿರ ಕಪಟವು ಹಾಸ್ಯಕ್ಕೆ ವಸ್ತುವಾದುದು ಹೆಚ್ಚಾಗಿ ಅರಮನೆಯ ನಾಟಕಗಳಲ್ಲಿ. ಅಲ್ಲಿಯಾದರೋ ಗಂಡನು ರಾಜ, ಹೆಂಡತಿಯರು ಹಲವರು. ಒಲೆ, ಹಾಸಿಗೆ, ಊಟದ ಮೇಜು, ಅಂಚೆಯ ಕಾಗದ, ತೂತುಬಿದ್ದ ಕಾಲುಚೀಲ ಇವಿಷ್ಟೇ ಸಾಮಗ್ರಿಯಾಗಿರುವ ಒಬ್ಬ ಗುಮಾಸ್ತನ ಮನೆಯನ್ನು ವಾರ ವಾರವೂ ಲಕ್ಷಾಂತರ ಜನರ ಕಣ್ಣಮುಂದೆ ತಂದು ನಿಲ್ಲಿಸಿದ್ದು ಮೂಕಚಿತ್ರ.

ಈ ಚಿತ್ರಗಳಲ್ಲಿ ಕಥೆಯೆಂಬುದು ಬಹು ಸ್ವಲ್ಪ. ಗಂಡನು ಒಂದು ಸುಳ್ಳು ಹೇಳುತ್ತಾನೆ, ಹೆಂಡತಿಯು ಅದನ್ನು ಕಂಡುಹಿಡಿಯುತ್ತಾಳೆ, ಅಷ್ಟೆ. ಹೀಗಿರಲು ಇವುಗಳ ಆಕರ್ಷಣೆಗೆ ಕಾರಣವೇನು? ಪ್ರೇಕ್ಷಕನು ಅಲ್ಲಿ ತನ್ನ ಮನೆಯನ್ನೇ ಕಾಣುತ್ತಾನೆ ಎಂಬುದು ಸಾಮಾನ್ಯವಾಗಿ ಕೊಡುವ ಉತ್ತರ. ಅದು ಸುಳ್ಳಲ್ಲ, ಸಾಲದು. ತನ್ನ ಮನೆಯ ಜಗಳವನ್ನು ಕಂಡು ನಗುವವನು ಎಲ್ಲಿಯೂ ಇಲ್ಲ. ಅದೇ ಜಗಳ ತೆರೆಯ ಮೇಲೆ ಬಂದೊಡನೆ ನಗೆಗೆ ವಿಷಯವಾಗಬೇಕಾದರೆ ನಡುವೆ ಏನೋ ಒಂದು ಮಾರ್ಪಾಟು ನಡೆದಿರಬೇಕು. ಅಭಿನಯವು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕವೆಂದು ನಾಲ್ಕು ವಿಧ. ಮೂಕಚಿತ್ರದಲ್ಲಿ ವಾಚಿಕವು ನಡುನಡುವೆ ಬರುವ ಎರಡು ಸಾಲು ಬರಹಕ್ಕೆ ಇಳಿದುಬಿಟ್ಟಿದೆ. ಬೇರೆ ವಸ್ತುಗಳಿಗೆ ಇದೊಂದು ಕೊರತೆ, ದಾಂಪತ್ಯಕ್ಕೆ ಹಾಗಲ್ಲ. ಬಹುಕಾಲ ಒಂದೇ ಮನೆಯಲ್ಲಿ ಬಾಳಿದ ಇಬ್ಬರ ನಡುವೆ ಮುಖ್ಯವಾದ ಸಂಗತಿಗಳೆಲ್ಲ ಮಾತಿಲ್ಲದೆಯೇ ನಡೆಯುವುವು. ಬಾಗಿಲು ಹಾಕಿದ ಸದ್ದಿನಿಂದ, ಟೊಪ್ಪಿಗೆ ಇಟ್ಟ ರೀತಿಯಿಂದ, ತಿನ್ನದೆ ಬಿಟ್ಟ ರೊಟ್ಟಿಯಿಂದ ಒಬ್ಬರು ಇನ್ನೊಬ್ಬರನ್ನು ಓದಿಕೊಳ್ಳುತ್ತಾರೆ. ಮೂಕಚಿತ್ರದ ಪ್ರೇಕ್ಷಕನ ಕೆಲಸವೂ ಅದೇ. ಅವನು ಆ ಮನೆಯ ಮೂರನೆಯ ಸಂಸಾರಿಯಾಗುತ್ತಾನೆ. ಹೆಂಡತಿಗೆ ತಿಳಿದದ್ದು ಗಂಡನಿಗೆ ತಿಳಿಯುವ ಮೊದಲೇ ಅವನಿಗೆ ತಿಳಿಯುತ್ತದೆ. ಈ ತಿಳಿವಿನಿಂದ ಬರುವ ಆನಂದವೇ ದಾಂಪತ್ಯಹಾಸ್ಯದ ಜೀವಾಳ.

ಈ ಬಗೆಯ ಚಿತ್ರಗಳ ಆರಂಭವನ್ನು ಬಯೋಗ್ರಾಫ್ ಸಂಸ್ಥೆಗಾಗಿ ಡಿ. ಡಬ್ಲ್ಯು. ಗ್ರಿಫಿತ್ ಮಾಡಿದ ಜೋನ್ಸ್ ಮಾಲೆಯಲ್ಲಿ ಗುರುತಿಸಬಹುದು. 1908–09 ರಲ್ಲಿ ಬಂದ ಈ ಕಿರುಚಿತ್ರಗಳಲ್ಲಿ ಜಾನ್ ಕಂಪ್ಸನ್ ಗಂಡ, ಫ್ಲಾರೆನ್ಸ್ ಲಾರೆನ್ಸ್ ಹೆಂಡತಿ. ನಟರ ಹೆಸರನ್ನು ಆ ಕಾಲದಲ್ಲಿ ಪ್ರಕಟಿಸುತ್ತಿರಲಿಲ್ಲವಾದುದರಿಂದ ಜನರಿಗೆ ಇವರು ಶ್ರೀ ಮತ್ತು ಶ್ರೀಮತಿ ಜೋನ್ಸ್ ಎಂದೇ ಪರಿಚಿತರು. ಅದೇ ಜೋಡಿಯ ‘ಹರ್ ಫಸ್ಟ್ ಬಿಸ್ಕಿಟ್ಸ್’ (1909) ಎಂಬುದರಲ್ಲಿ ನವವಧುವು ಮೊದಲಬಾರಿಗೆ ಮಾಡಿದ ಬಿಸ್ಕತ್ತು ತಿಂದವರೆಲ್ಲ ಹೊಟ್ಟೆನೋವಿನಿಂದ ಬೀಳುತ್ತಾರೆ. ಹಾಸ್ಯ ಇಲ್ಲಿ ಇನ್ನೂ ಹೊಟ್ಟೆಯ ಮಟ್ಟದಲ್ಲಿದೆ. ಆದರೂ ಒಂದೇ ಮನೆ, ಒಂದೇ ದಂಪತಿ, ಮತ್ತೆ ಮತ್ತೆ ಬರುವ ಚಿಕ್ಕ ವಿಪತ್ತು ಎಂಬ ಚೌಕಟ್ಟು ಇಲ್ಲಿ ಸಿದ್ಧವಾಯಿತು.

ಅದನ್ನು ಜಗತ್ಪ್ರಸಿದ್ಧವಾಗಿಸಿದವರು ವೈಟಗ್ರಾಫ್ ಸಂಸ್ಥೆಯ ಜಾನ್ ಬನ್ನಿ ಮತ್ತು ಫ್ಲೋರಾ ಫಿಂಚ್. ಬನ್ನಿಯು ರಂಗಭೂಮಿಯಿಂದ 1910 ರಲ್ಲಿ ಬಂದವನು. ಸ್ಥೂಲಕಾಯ, ಅಗಲವಾದ ಮುಖ, ಆ ಮುಖದ ತುಂಬ ಸುಖಲೋಲುಪತೆ. ಫಿಂಚ್ ಇಂಗ್ಲೆಂಡಿನಲ್ಲಿ ಹುಟ್ಟಿದವಳು. ಒಣಗಿದ ಕಡ್ಡಿಯಂಥ ಮೈ, ಚೂಪಾದ ಮೂಗು. ಇವರಿಬ್ಬರೂ ಪಕ್ಕಪಕ್ಕದಲ್ಲಿ ನಿಂತರೆ ಸಾಕು, ಕಥೆ ಅರ್ಧ ಮುಗಿದಂತೆ. ಭರತನು ಹಾಸ್ಯಕ್ಕೆ ಹೇಳಿದ ವಿಕೃತಾಕಾರವೆಂಬ ವಿಭಾವಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ದೊರಕದು. 1915 ರಲ್ಲಿ ಬನ್ನಿ ತೀರಿಕೊಳ್ಳುವವರೆಗೂ ಈ ಜೋಡಿಯ ಚಿತ್ರಗಳು ನಡೆದುವು. ತೆರೆಯ ಹೊರಗೆ ಇವರಿಗೆ ಅಷ್ಟೇನೂ ಹೊಂದಿಕೆಯಿರಲಿಲ್ಲವೆಂಬ ವದಂತಿಯುಂಟು. ಅದು ವಿಮರ್ಶೆಗೆ ಬೇಕಾದ ವಿಷಯವಲ್ಲ.

ಇವರ ಚಿತ್ರಗಳಲ್ಲಿ ಹೆಚ್ಚು ಹೆಸರಾದುದು 1912 ರ ‘ಎ ಕ್ಯೂರ್ ಫಾರ್ ಪೋಕರೈಟಿಸ್’, ಎಂದರೆ ‘ಪೋಕರ್ ರೋಗಕ್ಕೆ ಮದ್ದು’. ಪೋಕರ್ ಎಂಬುದು ಹಣವೊಡ್ಡಿ ಆಡುವ ಒಂದು ಇಸ್ಪೀಟಿನ ಆಟ. ಸೋತು ಮನೆಗೆ ಬಂದ ಗಂಡನಿಂದ ಇನ್ನು ಆಡುವುದಿಲ್ಲವೆಂದು ಹೆಂಡತಿ ಮಾತು ತೆಗೆದುಕೊಳ್ಳುತ್ತಾಳೆ. ಅವನು ‘ಉದಯಪುತ್ರರು’ ಎಂಬ ಸಂಘದ ಸಭೆಗೆ ಹೋಗುವುದಾಗಿ ನೆಪ ಹೇಳಿ ವಾರಕ್ಕೊಮ್ಮೆ ಆಟಕ್ಕೆ ಹೋಗತೊಡಗುತ್ತಾನೆ. ಎಲ್ಲವೂ ಸುಗಮವಾಗಿಯೇ ಸಾಗುತ್ತಿರುವಾಗ ಒಂದು ರಾತ್ರಿ ನಿದ್ದೆಯಲ್ಲಿ ಅವನು ಪೋಕರಿನ ಮಾತಾಡುತ್ತಾನೆ. ಹೆಂಡತಿಗೆ ಸಂಶಯ ಹುಟ್ಟುತ್ತದೆ. ಆಕೆಯ ಸೋದರಬಂಧುವೊಬ್ಬನು ಸಂಗತಿಯನ್ನು ಪತ್ತೆಮಾಡಿ, ತನ್ನ ಬೈಬಲ್ ತರಗತಿಯ ಗೆಳೆಯರಿಗೆ ಪೋಲೀಸರ ವೇಷ ಹಾಕಿಸಿ ಆಟದ ಮನೆಗೆ ನುಗ್ಗಿಸುತ್ತಾನೆ. ಸಿಕ್ಕಿಬಿದ್ದ ಗಂಡಂದಿರನ್ನು ಹೆಂಡಿರು ಬಂದು ಬಿಡಿಸಿಕೊಳ್ಳುತ್ತಾರೆ.

ನಿದ್ದೆಯಲ್ಲಿ ಗುಟ್ಟು ಹೊರಬೀಳುವ ಈ ಉಪಾಯ ಸಂಸ್ಕೃತ ನಾಟಕಗಳನ್ನು ಓದಿದವರಿಗೆ ಹೊಸದಲ್ಲ. ಮಾಲವಿಕಾಗ್ನಿಮಿತ್ರದ ನಾಲ್ಕನೆಯ ಅಂಕದಲ್ಲಿ ರಾಜನು ಮಾಲವಿಕೆಯೊಡನೆ ಒಳಗಿರುವಾಗ ಬಾಗಿಲು ಕಾಯಬೇಕಾದ ವಿದೂಷಕನು ತೂಕಡಿಸಿ, ಮಾಲವಿಕೆಯು ಇರಾವತಿಯನ್ನು ಮೀರಿಸಲೆಂದು ಕನವರಿಸುತ್ತಾನೆ. ಕೇಳುತ್ತ ನಿಂತವಳು ಇರಾವತಿಯೇ. ಕಾಳಿದಾಸನನ್ನು ವೈಟಗ್ರಾಫಿನವರು ಓದಿದ್ದರೆಂದು ಯಾರೂ ಹೇಳಬೇಕಾಗಿಲ್ಲ. ಗುಟ್ಟು ಇರುವಲ್ಲೆಲ್ಲ ನಿದ್ದೆಯೂ ಇರುವುದರಿಂದ ಎರಡು ಕಾಲದ ಕವಿಗಳು ಒಂದೇ ಕಡೆಗೆ ಬಂದಿದ್ದಾರೆ. ನೋಡಬೇಕಾದದ್ದು ವ್ಯತ್ಯಾಸವನ್ನು. ಕಾಳಿದಾಸನಲ್ಲಿ ಕನವರಿಕೆಯ ಮಾತು ಸಭೆಗೆಲ್ಲ ಕೇಳಿಸುತ್ತದೆ. ಹಾಸ್ಯವು ಆ ಮಾತಿನಲ್ಲಿಯೇ ಇದೆ. ಮೂಕಚಿತ್ರದಲ್ಲಿ ಆ ಮಾತು ಪ್ರೇಕ್ಷಕನ ಕಿವಿಗೆ ಬೀಳುವುದಿಲ್ಲ. ಮಾತಿನಿಂದಲೇ ಬಯಲಾಗುವ ಗುಟ್ಟನ್ನು ಮಾತಿಲ್ಲದ ಮಾಧ್ಯಮವು ತೋರಿಸಬೇಕಾಗಿದೆ. ಆದುದರಿಂದ ದೃಷ್ಟಿ ಮಲಗಿದವನಿಂದ ಸರಿದು ಎಚ್ಚತ್ತವಳ ಮುಖದ ಮೇಲೆ ನಿಲ್ಲುತ್ತದೆ. ಅವನು ಏನೆಂದನೋ ಅದಕ್ಕಿಂತ ಅವಳು ಏನು ತಿಳಿದಳೆಂಬುದೇ ದೃಶ್ಯದ ತಿರುಳಾಗುತ್ತದೆ. ತಿಳಿಯುವವಳು ಹೆಂಡತಿ ಎಂಬ ನಿಯಮ ಈ ಚಿತ್ರಗಳಲ್ಲಿ ನೆಲೆಗೊಂಡದ್ದು ಹೀಗೆ.

ಇಲ್ಲಿ ಒಂದು ಆಕ್ಷೇಪಣೆಗೆ ಅವಕಾಶವುಂಟು. ಫಿಂಚಳ ಪಾತ್ರವು ಹೆಂಗಸಿನ ಅಪಹಾಸ್ಯವಲ್ಲವೆ? ಗಂಡನ ಸುಖಕ್ಕೆ ಅಡ್ಡಬರುವ ಒಣಕಲು ಹೆಂಡತಿಯನ್ನು ನೋಡಿ ನಗುವುದರಲ್ಲಿ ಗಂಡಸರ ಪಕ್ಷಪಾತವಿಲ್ಲವೆ? ಇದೆಯೆಂದೇ ಹೇಳಬೇಕು. ಬನ್ನಿಯ ತಪ್ಪುಗಳನ್ನು ಅವನ ಮುಖದ ಹುರುಪು ಮುಚ್ಚಿಬಿಡುತ್ತದೆ. ಫಿಂಚಳ ನ್ಯಾಯವಾದ ಸಿಟ್ಟನ್ನು ಅವಳ ಮೂಗು ನಗೆಪಾಟಲು ಮಾಡುತ್ತದೆ. ಅತ್ತೆಯ ವಿಷಯದಲ್ಲಿಯಂತೂ ಮೂಕಚಿತ್ರಗಳು ಎಲ್ಲ ದೇಶಗಳಲ್ಲಿಯೂ ಒಂದೇ ಹಳಸಲನ್ನು ಬಡಿಸಿವೆ. ಫ್ರಾನ್ಸಿನ ಮ್ಯಾಕ್ಸ್ ಲಿಂಡರ್ 1911 ರಲ್ಲಿಯೇ ಅತ್ತೆಯನ್ನು ಹಿಮದ ಮೇಲೆ ಉರುಳಾಡಿಸಿದನು. ಹೆರಾಲ್ಡ್ ಲಾಯ್ಡನ ‘ಹಾಟ್ ವಾಟರ್’ (1924) ಜೀವಂತ ಟರ್ಕಿ ಕೋಳಿಯನ್ನು ಹಿಡಿದುಕೊಂಡು ಟ್ರಾಮಿನಲ್ಲಿ ಬರುವ ಗಂಡನ ಅತ್ಯಂತ ಚೆಲುವಾದ ದೃಶ್ಯದಿಂದ ಮೊದಲಾಗಿ, ಮನೆಯಲ್ಲಿ ಅತ್ತೆ ಕಾಣಿಸಿಕೊಂಡಮೇಲೆ ಮಾಮೂಲು ದಾರಿಯನ್ನು ಹಿಡಿಯುತ್ತದೆ. ಆಕ್ಷೇಪಣೆ ಸಾಧುವಾದುದರಿಂದಲೇ ಅದಕ್ಕೆ ಉತ್ತರವಾಗಿ ಬಂದ ಇನ್ನೊಂದು ಜೋಡಿಯ ಮಹತ್ತ್ವ ತಿಳಿಯುವುದು.

ಆ ಜೋಡಿ ಸಿಡ್ನಿ ಡ್ರೂ ದಂಪತಿಗಳು. ಸಿಡ್ನಿ ಡ್ರೂ ಅಮೆರಿಕದ ಹೆಸರಾಂತ ನಟವಂಶದವನು. ಜಾನ್, ಲಯೊನೆಲ್, ಎಥೆಲ್ ಬ್ಯಾರಿಮೋರರಿಗೆ ಸೋದರಮಾವ. ಮೊದಲ ಹೆಂಡತಿ 1914 ರಲ್ಲಿ ಗತಿಸಿದಮೇಲೆ ಅದೇ ವರ್ಷ ಅವನು ಲೂಸಿಲ್ ಮೆಕ್‌ವೇ ಎಂಬಾಕೆಯನ್ನು ಮದುವೆಯಾದನು. ಆಕೆ ಅವನಿಗಿಂತ ಇಪ್ಪತ್ತೇಳು ವರ್ಷ ಚಿಕ್ಕವಳು, ಮಿಸೂರಿ ಪ್ರಾಂತದ ಸೆಡೇಲಿಯಾ ಊರಿನವಳು. ವೈಟಗ್ರಾಫಿನಲ್ಲಿಯೂ 1916 ರಿಂದ ಮೆಟ್ರೋ ಸಂಸ್ಥೆಯಲ್ಲಿಯೂ ಇವರು ಮಾಡಿದ ಒಂದೊಂದು ಸುರುಳಿಯ ಚಿತ್ರಗಳಲ್ಲಿ, ಎಂದರೆ ಹತ್ತು ಹದಿನೈದು ನಿಮಿಷಗಳ ಕಥೆಗಳಲ್ಲಿ, ಬೀಳುವುದಿಲ್ಲ, ಒದೆಯುವುದಿಲ್ಲ, ಓಡಿ ಹಿಡಿಯುವುದಿಲ್ಲ. 1912 ರಲ್ಲಿ ಹುಟ್ಟಿದ ಮ್ಯಾಕ್ ಸೆನೆಟ್ಟನ ಕೀಸ್ಟೋನ್ ಚಿತ್ರಗಳು ಇಡೀ ದೇಶವನ್ನು ಒದೆತದಿಂದ ನಗಿಸುತ್ತಿದ್ದ ಕಾಲದಲ್ಲಿ ಇದೊಂದು ಸಾಹಸ. ಇಬ್ಬರೂ ನೋಡುವುದಕ್ಕೆ ಸಾಮಾನ್ಯರು, ಒಳ್ಳೆಯ ಬಟ್ಟೆ ತೊಟ್ಟವರು. ವಿಕೃತವೇಷ ವಿಕೃತಾಕಾರಗಳೆರಡೂ ಇಲ್ಲ. ಹಾಗಾದರೆ ಹಾಸ್ಯ ಎಲ್ಲಿಂದ ಬರಬೇಕು?

1915 ರ ‘ಫಾಕ್ಸ್ ಟ್ರಾಟ್ ಫಿನೆಸ್’ ಇದಕ್ಕೆ ಉತ್ತರ ಕೊಡುತ್ತದೆ. ಹೆಂಡತಿಗೆ ಫಾಕ್ಸ್ ಟ್ರಾಟ್ ಎಂಬ ಆಗಿನ ಹೊಸ ನೃತ್ಯದ ಹುಚ್ಚು. ಕುಣಿದು ಕುಣಿದು ಬೇಸತ್ತ ಗಂಡನು ಕಾಲು ಉಳುಕಿದೆಯೆಂದು ನಟಿಸುತ್ತಾನೆ. ಅದು ನಟನೆಯೆಂದು ಅವಳಿಗೆ ತಿಳಿದುಹೋಗುತ್ತದೆ. ಫಿಂಚಳಾಗಿದ್ದರೆ ಇಲ್ಲಿ ಪೊರಕೆಯೋ ಪೋಲೀಸರೋ ಬರುತ್ತಿದ್ದರು. ಶ್ರೀಮತಿ ಡ್ರೂ ಗಂಡನ ಸುಳ್ಳನ್ನು ಖಂಡಿಸದೆ ನಿಜವೆಂದೇ ಅಂಗೀಕರಿಸಿಬಿಡುತ್ತಾಳೆ. ಕಾಲು ವಾಸಿಯಾಗುವವರೆಗೂ ಆರೈಕೆಗಾಗಿ ತನ್ನ ತಾಯಿ ಬಂದು ಇರುವಳೆಂದು ಒಂದು ಕಾಗದವನ್ನು ಮುಂದಿಡುತ್ತಾಳೆ. ಕಾಲು ಆ ಕ್ಷಣವೇ ವಾಸಿ. ಅದೇ ಹಳೆಯ ಅತ್ತೆಯ ಹಾಸ್ಯವೇ ಆದರೂ ಇಲ್ಲಿ ಅತ್ತೆಯನ್ನು ಉರುಳಿಸಬೇಕಾಗಿಲ್ಲ, ತರಿಸಬೇಕಾದದ್ದೂ ಇಲ್ಲ. ಕಾಗದದ ಮೇಲಿನ ಹೆಸರೇ ಸಾಕು. ಸುಳ್ಳಿಗೆ ಪ್ರತಿಸುಳ್ಳು, ನಟನೆಗೆ ಪ್ರತಿನಟನೆ. ಗೆದ್ದವರಾರು ಸೋತವರಾರು ಎಂಬುದು ಇಬ್ಬರಿಗೂ ತಿಳಿದಿದೆ. ಹೇಳಿಕೊಳ್ಳುವ ಅಗತ್ಯ ಯಾರಿಗೂ ಇಲ್ಲ. 1917 ರ ‘ಹರ್ ಆನಿವರ್ಸರೀಸ್’ ಎಂಬುದರ ವಸ್ತು ಇನ್ನೂ ಚಿಕ್ಕದು: ಹೆಂಡತಿ ಪ್ರೀತಿಯಿಂದ ಆಚರಿಸುವ ವಾರ್ಷಿಕ ದಿನಗಳನ್ನು ನೆನಪಿಡಲಾರದ ಗಂಡನ ಪಾಡು. ಇಂಥ ವಸ್ತುವನ್ನು ಚಿತ್ರವಾಗಿಸಬಹುದೆಂದು ಅದಕ್ಕೆ ಹಿಂದೆ ಯಾರಿಗೂ ತೋರಿರಲಾರದು. ಕ್ಷುಲ್ಲಕವೆಂದು ಇದನ್ನು ತಳ್ಳಿಹಾಕುವವರು ದಾಂಪತ್ಯದಲ್ಲಿ ಕ್ಷುಲ್ಲಕವಲ್ಲದ್ದು ಎಷ್ಟಿದೆಯೆಂದು ಎಣಿಸಿ ನೋಡಬೇಕು.

ಭರತನು ಹಾಸ್ಯವನ್ನು ಆತ್ಮಸ್ಥ, ಪರಸ್ಥ ಎಂದೂ ವಿಭಾಗಿಸುತ್ತಾನೆ. ತಾನೇ ನಗುವುದು ಆತ್ಮಸ್ಥ, ಇನ್ನೊಬ್ಬನನ್ನು ನಗಿಸುವುದು ಪರಸ್ಥ. ಬನ್ನಿಯ ಚಿತ್ರಗಳಲ್ಲಿ ನಗುವವನು ಪ್ರೇಕ್ಷಕ. ತೆರೆಯ ಮೇಲಿನವರಿಗೆ ತಾವು ಹಾಸ್ಯಾಸ್ಪದರೆಂಬ ಅರಿವು ಇಲ್ಲ. ಡ್ರೂಗಳಲ್ಲಿ ಆ ಅರಿವು ಪಾತ್ರಗಳಿಗೇ ಬಂದಿದೆ. ಹೆಂಡತಿಯು ಗಂಡನನ್ನು ನೋಡಿ ಒಳಗೇ ನಗುತ್ತಾಳೆ. ಪ್ರೇಕ್ಷಕನು ಅವಳ ನಗೆಯಲ್ಲಿ ಪಾಲುದಾರನಾಗುತ್ತಾನೆ. ಇದರಿಂದ ಹೆಂಡತಿಯ ಸ್ಥಾನವೇ ಬದಲಾಯಿತು. ಮೊದಲು ನಗೆಗೆ ಗುರಿಯಾಗಿದ್ದವಳು ಈಗ ನಗೆಗೆ ಒಡತಿಯಾದಳು. ಅಮೆರಿಕಾದ ಸ್ತ್ರೀಯರಿಗೆ ದೇಶಾದ್ಯಂತ ಮತದ ಹಕ್ಕು ದೊರೆತದ್ದು 1920 ರಲ್ಲಿ. ಕಾನೂನು ಇನ್ನೂ ಕೊಡದಿದ್ದ ಸಮಾನತೆಯನ್ನು ಈ ಚಿತ್ರಗಳು ಬುದ್ಧಿಯ ಪಂದ್ಯದಲ್ಲಿ ಕೊಟ್ಟುವು. ಹಾಗೆ ಕೊಟ್ಟು ನಿಜವಾದ ಕೊರತೆಯನ್ನು ಮರೆಸಿದುವೆಂದು ಹೇಳುವವರೂ ಇರಬಹುದು. ಮನೆಗೆಲಸದವಳನ್ನು ಇಟ್ಟುಕೊಳ್ಳಬಲ್ಲ ಮಧ್ಯಮವರ್ಗದ ಮನೆಗಳನ್ನು ಬಿಟ್ಟು ಡ್ರೂಗಳ ಕಥೆ ಕೆಳಗೆ ಇಳಿಯಲಿಲ್ಲವೆಂಬುದೂ ನಿಜ.

ಡ್ರೂಗಳಿಂದಾಚೆಗೆ ಈ ಹಾಸ್ಯ ಹಲವು ಕವಲಾಯಿತು. ಸೆಸಿಲ್ ಬಿ. ಡಿಮಿಲ್ಲನ ‘ಡೋಂಟ್ ಚೇಂಜ್ ಯುವರ್ ಹಸ್ಬೆಂಡ್’ (1919), ‘ವೈ ಚೇಂಜ್ ಯುವರ್ ವೈಫ್?’ (1920) ಎಂಬ ದೊಡ್ಡ ಚಿತ್ರಗಳಲ್ಲಿ ದಂಪತಿಗಳು ಸುಳ್ಳು ಹೇಳುವುದನ್ನು ಬಿಟ್ಟು ವಿಚ್ಛೇದನಕ್ಕೇ ಹೋಗುತ್ತಾರೆ. ಈರುಳ್ಳಿ ತಿನ್ನುವ ಗಂಡನನ್ನು ಕಂಡು ಹೇಸುವ ಹೆಂಡತಿಯ ಚಿತ್ರಣದಲ್ಲಿ ಹಾಸ್ಯದ ಬೀಜವೇನೋ ಇದೆ. ಆದರೆ ಉಡುಪು, ಒಡವೆ, ಸ್ನಾನಗೃಹಗಳ ವೈಭವದಲ್ಲಿ ಅದು ಮೊಳೆಯದೆ ಹೋಯಿತು. ಇವುಗಳನ್ನು ಇಲ್ಲಿಗೇ ಬಿಡಬಹುದು. ಒದೆತದ ಪಂಥದವರಿಗೂ ಮೃದುವಾದ ಕ್ಷಣಗಳು ಇದ್ದುವೆಂಬುದನ್ನು ಮಾತ್ರ ಮರೆಯಬಾರದು. ರಾಸ್ಕೋ ಅರ್ಬಕಲ್ ಮತ್ತು ಮೇಬಲ್ ನಾರ್ಮಂಡರ ‘ಫ್ಯಾಟಿ ಅಂಡ್ ಮೇಬಲ್ ಅಡ್ರಿಫ್ಟ್’ (1916) ಎಂಬುದರಲ್ಲಿ ನವದಂಪತಿಗಳ ಮನೆಯೇ ಸಮುದ್ರದಲ್ಲಿ ತೇಲಿಹೋಗುತ್ತದೆ. ಅದಕ್ಕೆ ಮೊದಲು, ಮಲಗಿರುವ ಹೆಂಡತಿಯ ಬಳಿಗೆ ಆ ಸ್ಥೂಲಕಾಯನು ಬರುತ್ತಾನೆ. ಮುತ್ತಿಡುವುದು ಅವನಲ್ಲ, ಅವನ ನೆರಳು.

ವಸ್ತುಗಳನ್ನು ಮಾತಾಡಿಸುವ ಈ ಕಲೆ ಪರಿಪಾಕಕ್ಕೆ ಬಂದದ್ದು ಜರ್ಮನಿಯಿಂದ ಬಂದ ಎರ್ನ್ಸ್ಟ್ ಲುಬಿಚ್ಚನ ‘ದಿ ಮ್ಯಾರೇಜ್ ಸರ್ಕಲ್’ (1924) ಚಿತ್ರದಲ್ಲಿ. ಕಥೆ ನಡೆಯುವುದು ವಿಯೆನ್ನಾ ನಗರದಲ್ಲಿ. ಮೊದಲಲ್ಲಿಯೇ ಅಡಾಲ್ಫ್ ಮೆಂಜೂ ವಹಿಸಿದ ಪ್ರೊಫೆಸರನು ಕಾಲುಚೀಲ ಹಾಕಿಕೊಳ್ಳಹೋಗಿ ಅದರಲ್ಲಿ ತೂತನ್ನು ಕಾಣುತ್ತಾನೆ. ತನ್ನ ಸೆಳೆಖಾನೆಯನ್ನು ತೆರೆದರೆ ಬಹುಮಟ್ಟಿಗೆ ಬರಿದು. ಹೆಂಡತಿಯ ಖಾನೆಯಲ್ಲಿ ಕಾಲುಚೀಲಗಳು ತುಂಬಿವೆ. ಆ ದಾಂಪತ್ಯದ ಸ್ಥಿತಿಯನ್ನು ತಿಳಿಸುವುದಕ್ಕೆ ಇನ್ನು ಒಂದು ಅಕ್ಷರವೂ ಬೇಕಾಗಿಲ್ಲ. ಇದಕ್ಕೆ ಎದುರಾಗಿ ಇನ್ನೊಂದು ಮನೆಯ ಬೆಳಗಿನ ಉಪಾಹಾರ. ಅಲ್ಲಿ ಕಾಣುವುದು ಒಂದು ಮೊಟ್ಟೆ, ಒಂದು ಕಾಫಿಯ ಬಟ್ಟಲು, ಎರಡು ಜೊತೆ ಕೈಗಳು ಮಾತ್ರ. ಮೊಟ್ಟೆ ಒಡೆಯುವ ಕೈ ನಿಲ್ಲುತ್ತದೆ, ಕಾಫಿ ಕದಡುವ ಕೈ ನಿಲ್ಲುತ್ತದೆ, ಕೈಗಳು ಚೌಕಟ್ಟಿನಿಂದ ಮರೆಯಾಗುತ್ತವೆ. ಮುಖಗಳನ್ನು ತೋರಿಸಿದ್ದರೆ ಅದೊಂದು ಸಾಮಾನ್ಯವಾದ ಮುತ್ತಿನ ದೃಶ್ಯ. ತೋರಿಸದೆ ಬಿಟ್ಟದ್ದರಿಂದ ಪ್ರೇಕ್ಷಕನು ಊಹಿಸಬೇಕಾಗುತ್ತದೆ. ನಮ್ಮ ಆಲಂಕಾರಿಕರ ಭಾಷೆಯಲ್ಲಿ ಹೇಳುವುದಾದರೆ ಇದು ವಾಚ್ಯವಲ್ಲ, ವ್ಯಂಗ್ಯ. ಧ್ವನಿಯೇ ಇಲ್ಲದ ಚಿತ್ರದಲ್ಲಿ ಧ್ವನಿಗೆ ಇಷ್ಟು ಒಳ್ಳೆಯ ನಿದರ್ಶನ ದೊರೆಯುವುದು ಒಂದು ವಿನೋದ.

ಲಿಯೊ ಮೆಕೇರಿ ನಿರ್ದೇಶಿಸಿದ, ಚಾರ್ಲಿ ಚೇಸ್ ನಟಿಸಿದ ‘ಮೈಟಿ ಲೈಕ್ ಎ ಮೂಸ್’ (1926) ಈ ತಿಳಿವಿನ ತತ್ತ್ವವನ್ನೇ ತಲೆಕೆಳಗು ಮಾಡುತ್ತದೆ. ಗಂಡನಿಗೆ ಉಬ್ಬುಹಲ್ಲು, ಹೆಂಡತಿಗೆ ದೊಡ್ಡ ಮೂಗು. ಒಬ್ಬರಿಗೆ ತಿಳಿಯದಂತೆ ಇನ್ನೊಬ್ಬರು ವೈದ್ಯರಲ್ಲಿಗೆ ಹೋಗಿ ಸರಿಪಡಿಸಿಕೊಳ್ಳುತ್ತಾರೆ. ಬಳಿಕ ಎದುರುಬದುರಾದಾಗ ಗುರುತು ಸಿಗದೆ ಪರಸ್ಪರ ಮೋಹಿತರಾಗಿ, ತಮ್ಮ ತಮ್ಮ ಸಂಗಾತಿಗೆ ದ್ರೋಹ ಬಗೆಯುತ್ತಿದ್ದೇವೆಂದು ನಂಬಿಕೊಂಡು ಕದ್ದು ಸೇರುತ್ತಾರೆ. ನಿಜ ತಿಳಿದಮೇಲೆ ಗಂಡನು ಒಮ್ಮೆ ತಾನಾಗಿ, ಒಮ್ಮೆ ಹೆಂಡತಿಯ ಪ್ರಿಯನಾಗಿ ಬದಲಾಗುತ್ತ ತನ್ನೊಡನೆ ತಾನೇ ಹೊಡೆದಾಡುವುದನ್ನು ಅಭಿನಯಿಸುತ್ತಾನೆ. ಕಥೆ ಅಸಂಭವ, ಅದರ ಒಳಗಿನ ವ್ಯಂಗ್ಯ ಮಾತ್ರ ತೀಕ್ಷ್ಣವಾದುದು. ಮುಖದಲ್ಲಿ ಒಂದು ಕುಂದು ಕಳೆದರೆ ಗುರುತೇ ತಪ್ಪುವಷ್ಟು ಈ ದಂಪತಿಗಳು ಒಬ್ಬರನ್ನೊಬ್ಬರು ನೋಡಿರುವುದು ಕಡಮೆ. ಡ್ರೂಗಳಲ್ಲಿ ಅತಿಯಾದ ಪರಿಚಯದಿಂದ ನಗೆ ಹುಟ್ಟಿದರೆ ಇಲ್ಲಿ ಪರಿಚಯದ ಅಭಾವದಿಂದ ಹುಟ್ಟುತ್ತದೆ.

ಬಸ್ಟರ್ ಕೀಟನನ ‘ಒನ್ ವೀಕ್’ (1920) ಇವೆಲ್ಲದರಿಂದ ಪ್ರತ್ಯೇಕವಾಗಿ ನಿಲ್ಲುತ್ತದೆ. ಅದರಲ್ಲಿ ಗಂಡಹೆಂಡಿರ ನಡುವೆ ಸುಳ್ಳೇ ಇಲ್ಲ. ಮದುವೆಯ ಉಡುಗೊರೆಯಾಗಿ ಬಂದ, ಪೆಟ್ಟಿಗೆಗಳಲ್ಲಿ ಬಿಡಿಬಿಡಿಯಾಗಿರುವ ಮನೆಯೊಂದನ್ನು ಅವರು ಜೋಡಿಸಬೇಕು. ಹೆಣ್ಣನ್ನು ಕಳೆದುಕೊಂಡ ಪ್ರತಿಸ್ಪರ್ಧಿಯೊಬ್ಬನು ಪೆಟ್ಟಿಗೆಗಳ ಸಂಖ್ಯೆಗಳನ್ನು ತಿದ್ದಿಬಿಡುತ್ತಾನೆ. ಎದ್ದ ಮನೆ ಸೊಟ್ಟ. ಬಿರುಗಾಳಿಯಲ್ಲಿ ಬುಗುರಿಯಂತೆ ತಿರುಗುತ್ತದೆ. ಕೊನೆಗೆ ರೈಲುಹಳಿಯ ಮೇಲೆ ಸಿಕ್ಕಿಕೊಳ್ಳುತ್ತದೆ. ಬರುವ ರೈಲು ಪಕ್ಕದ ಹಳಿಯಲ್ಲಿ ಹಾದುಹೋಗಿ ದಂಪತಿಗಳು ನಿಟ್ಟುಸಿರುಬಿಡುವಷ್ಟರಲ್ಲಿ ಎದುರಿನಿಂದ ಬಂದ ಇನ್ನೊಂದು ರೈಲು ಮನೆಯನ್ನು ಪುಡಿಮಾಡುತ್ತದೆ. ಅಳುವುದಿಲ್ಲ, ಜಗಳವಿಲ್ಲ, ಅವಶೇಷಗಳ ಮೇಲೆ ‘ಮಾರಾಟಕ್ಕಿದೆ’ ಎಂಬ ಫಲಕವನ್ನು ನಿಲ್ಲಿಸಿ, ಮನೆ ಜೋಡಿಸುವ ಸೂಚನಾಪತ್ರವನ್ನೂ ಅಲ್ಲಿಯೇ ಬಿಟ್ಟು ಕೈಹಿಡಿದು ಹೊರಟುಹೋಗುತ್ತಾರೆ. ಹಾಸ್ಯದಲ್ಲಿ ಕರುಣದ ಛಾಯೆ ಇಷ್ಟು ಹಗುರಾಗಿ ಬೆರೆತಿರುವ ಚಿತ್ರ ಆ ದಶಕದಲ್ಲಿ ವಿರಳ. ಆದರೂ ಅದರ ದಂಪತಿಗಳ ಶತ್ರು ಮನೆಯ ಹೊರಗಿದ್ದಾನೆ. ಮನೆಯ ಒಳಗಿನ ಸೂಕ್ಷ್ಮಗಳಿಗೆ ಡ್ರೂಗಳ ಕಡೆಗೇ ಮರಳಬೇಕು.

ಹಾಗೆ ಮರಳಿದರೆ ಒಂದು ಪ್ರಶ್ನೆ ಉಳಿಯುತ್ತದೆ. ಈ ಚಿತ್ರಗಳ ಕರ್ತೃ ಯಾರು? ಜಾಹೀರಾತುಗಳಲ್ಲಿ ಮುಂದಾಗಿ ಕಾಣುವುದು ಗಂಡನ ಹೆಸರು. ಹೆಂಡತಿಗೆ ಅಲ್ಲಿ ಸ್ವಂತ ಹೆಸರೇ ಇಲ್ಲ, ಆಕೆ ‘ಶ್ರೀಮತಿ ಸಿಡ್ನಿ ಡ್ರೂ’. ಆದರೆ ಕಥೆಗಳನ್ನು ಆರಿಸಿ ಚಿತ್ರಕ್ಕೆ ಹೊಂದಿಸುವುದರಲ್ಲಿಯೂ ಗಂಡನೊಡನೆ ನಿರ್ದೇಶಿಸುವುದರಲ್ಲಿಯೂ ಆಕೆಯ ಪಾತ್ರ ದೊಡ್ಡದು. ಚಿತ್ರಗಳೇ ಅದಕ್ಕೆ ಸಾಕ್ಷಿ: ಹಾಸ್ಯದ ದೃಷ್ಟಿಕೋನ ಎಲ್ಲಿಯೂ ಹೆಂಡತಿಯದು, ಗಂಡನ ಮನಸ್ಸನ್ನು ಪಾರದರ್ಶಕವಾಗಿ ನೋಡಬಲ್ಲವಳು ಮಾತ್ರ ಹೀಗೆ ಹೆಣೆಯಬಲ್ಲಳು. ಸಿಡ್ನಿ ಡ್ರೂವಿನ ಮಗ ಮೊದಲನೆಯ ಮಹಾಯುದ್ಧದಲ್ಲಿ 1918 ರಲ್ಲಿ ಮಡಿದನು. ಮರುವರ್ಷ ತಂದೆಯೂ ತೀರಿಕೊಂಡನು. ಆಮೇಲೆ ಲೂಸಿಲ್ ಮೆಕ್‌ವೇ ತಾನೊಬ್ಬಳೇ 1921 ರಲ್ಲಿ ವೈಟಗ್ರಾಫಿಗಾಗಿ ‘ಕಸಿನ್ ಕೇಟ್’ ಎಂಬ ಚಿತ್ರವನ್ನು ನಿರ್ದೇಶಿಸಿದಳು. ಆಗಲೂ ಆಕೆ ಬಳಸಿದ್ದು ಗಂಡನ ಹೆಸರಿನ ಹಿಂದಣ ‘ಶ್ರೀಮತಿ’ಯನ್ನೇ. 1925 ರಲ್ಲಿ, ಮೂವತ್ತೈದನೆಯ ವಯಸ್ಸಿನಲ್ಲಿ, ಆಕೆ ಕಾಲವಾದಳು.

ಅಮೆರಿಕಾದ ಲೈಬ್ರರಿ ಆಫ್ ಕಾಂಗ್ರೆಸ್ 2013 ರಲ್ಲಿ ಪ್ರಕಟಿಸಿದ ಪರಿಶೀಲನೆಯ ಪ್ರಕಾರ, 1912 ರಿಂದ 1929 ರ ವರೆಗೆ ಆ ದೇಶದಲ್ಲಿ ಬಿಡುಗಡೆಯಾದ ಸುಮಾರು 11,000 ದೊಡ್ಡ ಮೂಕಚಿತ್ರಗಳಲ್ಲಿ ಮೂಲರೂಪದಲ್ಲಿ ಪೂರ್ಣವಾಗಿ ಉಳಿದಿರುವುವು ನೂರಕ್ಕೆ 14 ಮಾತ್ರ. ಕಿರುಚಿತ್ರಗಳು ಈ ಎಣಿಕೆಯಲ್ಲಿ ಸೇರಿಲ್ಲ. ಬನ್ನಿಯ ‘ಪೋಕರೈಟಿಸ್’ 2011 ರಲ್ಲಿಯೂ ಚೇಸನ ‘ಮೂಸ್’ 2007 ರಲ್ಲಿಯೂ ಆ ದೇಶದ ರಾಷ್ಟ್ರೀಯ ಚಿತ್ರಪಟ್ಟಿಗೆ ಸೇರಿದುವು. ಡ್ರೂಗಳ ಚಿತ್ರಗಳಲ್ಲಿ ಉಳಿದಿರುವುವು ಕೆಲವೇ. ಅವುಗಳನ್ನು ಲೂಸಿಲ್ ಮೆಕ್‌ವೇಯ ಹೆಸರಿನ ಕೆಳಗೆ ಒಟ್ಟುಗೂಡಿಸಿ ನೋಡುವ ಕೆಲಸಕ್ಕೆ ವಿದ್ವಾಂಸರು ಕೈಹಚ್ಚಿದುದು ಆಕೆ ಸತ್ತು ಹಲವು ದಶಕಗಳಾದ ಬಳಿಕ.